ಇಡ್ಲಿ ತಟ್ಟೆಯಲ್ಲಿ ನೂರು

ಎಸ್.ಪಿ. ರೋಡಿನ ಪುಖ್‌ರಾಜ್ ನೂರು ಟ್ರಾನ್ಸಿಸ್ಟರು
ಮೂರು ಮೂರಾಗಿ ಎಣಿಸಿ ಕೊಟ್ಟ.
‘ಬೋರ್ಡಿಗೆ ಹಿಡಿಸೋದು ನಾಲ್ಕು, ಯಜಮಾನ್ರೇ.’
ಹೌದು, ನಾಲ್ಕಕ್ಕೇ ಈ ನೂರು, ಅಂದೆ.
ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ.
ನಕ್ಕು, ಒಂದು ಫ್ಯೂಸು ಪುಕ್ಕಟೆ ಹಾಕಿದ.

ಲಗ್ಗೆರೆಯ ನಮ್ಮ ಒಂದೂವರೆ ಕೋಣೆಯಲ್ಲಿ
ಗುಂಪು ಮಾಡಿ ಇಡಲು ಕುಳಿಗಳಿರುವುದು
ಒಂದೇ ಸಾಮಾನಿಗೆ.
ನಾಲ್ಕು ಅಂತಸ್ತು, ಹದಿನಾರು ಕುಳಿ.
ಮುನ್ನೂರ ಎಪ್ಪತ್ತು ಇಲ್ಲಿ, ಎಂಬತ್ತು ಅದರ ಪಕ್ಕ,
ನಾನೂರು ದಾಟಿದವು ಮೇಲಿನ ತಟ್ಟೆಗೆ.
ಆವಿಯ ತೂತಿನಲ್ಲಿ ಕಾಲು ತೂರಿಸಿಕೊಂಡು
ಮೂರು ಕಾಲಿನ ಕರಿ ಹುಳುಗಳು
ತಂತಮ್ಮ ಓಣಿಯಲ್ಲಿ ಕೂತವು.
ಮೂರು ಭಾನುವಾರ ಉಪ್ಪಿಟ್ಟು ತಿಂದೆವು.

ಬೆರಳಲ್ಲಿ ಹಿಡಿದು ಮೀಟರಿಗೆ ಸಿಕ್ಕಿಸಿದರೆ
ಅಂಕಿ ಏರುತ್ತದೆ. ನನ್ನ ಮೈಬಿಸಿಯನ್ನು
ತನ್ನ ಗುಣವೆಂದು ಹೇಳಿಕೊಳ್ಳುತ್ತದೆ.
ಅದಕ್ಕೇ ಚಿಮುಟ. ಫ್ಯಾನು ಬಂದ್. ಉಸಿರು ಆಚೆ ಕಡೆಗೆ.
ಎಂಬತ್ತೊಂಬತ್ತು, ಎಂಬತ್ತೇಳು, ಎಂಬತ್ತಾರು,
ಎಂಬತ್ತಾರು,
ಎಂಬತ್ತಾರು.
ಬರೆದುಕೋ.
ಕೆಳಗೆ ವಾಟರ್ ಟ್ಯಾಂಕರ್ ಹೋಯಿತು,
ಸ್ಟೀಲಿನ ಲೋಟಗಳು ಗಿಲಗಿಲ ಅಂದಿರಬೇಕು.

ಯಾಕೆಂದರೆ ನನ್ನ ಎಡಗಿವಿ ಪೀಣ್ಯ ಎರಡನೇ ಹಂತದಲ್ಲಿದೆ.
ಹನ್ನೊಂದು ವರ್ಷ ಪವರ್ ಪ್ರೆಸ್ಸಿನ ಬಲಕ್ಕೆ ನಿಂತು
ಬೀಗದ ಕೊಂಡಿ ಕತ್ತರಿಸಿದೆ.
ಮೊದಲು ಹೋದದ್ದು ಗೆಜ್ಜೆ.
ಆಮೇಲೆ ಒಗ್ಗರಣೆಯ ಚಟಪಟ,
ಆಮೇಲೆ ಸಕಾರ ಶಕಾರಗಳ ಜಗಳ.
ಹಾಗಾದರೆ ಎಡದ ಸ್ಪೀಕರು ಯಾರಿಗೆ
ಎಂದು ಗಂಗಹನುಮಕ್ಕ ಕೇಳಲಿಲ್ಲ.
ಅವಳು ಕೇಳಿದ್ದು: ‘ತಟ್ಟೆ ಯಾವಾಗ ಬಿಡ್ತೀಯ?’

ನಾನೂರ ಹನ್ನೆರಡಕ್ಕೆ ನಾನೂರ ಹನ್ನೆರಡು
ಸಿಕ್ಕಿದ್ದು ರಾತ್ರಿ ಒಂದೂವರೆಗೆ.
ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಅಂಟಿಸಿ
ಸುತ್ತ ತಾಮ್ರದ ಪಟ್ಟಿ ಬಿಗಿದೆ.
ಇನ್ನು ಒಂದಕ್ಕೆ ಕಾವೇರಿದರೆ
ಇನ್ನೊಂದು ತಣ್ಣಗೆ ಕೂರುವ ಹಾಗಿಲ್ಲ.

ಶನಿವಾರ ಕರೆಂಟು ಕೊಟ್ಟೆ.
ಸೀರೀಸಿಗಿಟ್ಟ ಬಲ್ಬು ಭಗ್ಗೆಂದು ಉರಿದು ಕಂದಿತು.
ಕಂದಿದರೆ ಕ್ಷೇಮ.
ನಾದಸ್ವರದ ಹಳೇ ಕ್ಯಾಸೆಟ್ಟು, ಉಜ್ಜಿ ಉಜ್ಜಿ ಸವೆದದ್ದು.
ನಾನು ಎಡದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ.
ಅದು ನಡುಗಿತು. ನನಗಷ್ಟು ಸಾಕಿತ್ತು.
ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು:
‘ಎಡಗಡೇದು ಒಂಚೂರು ಸಣ್ಣ.’

ಅಳೆದೆ. ಸಮ.
ಮತ್ತೆ ಅಳೆದೆ, ಮಿಲಿವೋಲ್ಟಿಗೆ ಮಿಲಿವೋಲ್ಟು.
‘ನಿನ್ನ ಮೀಟರಿಗೆ ಕಿವಿ ಐತಾ?’
ವೈರು ಅದಲು ಬದಲು ಮಾಡಿದೆ. ‘ಎಡಗಡೇದೇ.’
ಪೆಟ್ಟಿಗೆಗಳನ್ನೇ ಎತ್ತಿ ಆ ಕಡೆ ಈ ಕಡೆ ಇಟ್ಟೆ. ‘ಎಡಗಡೇದೇ, ಅಂದ್ನಲ್ಲ.’
ಕುರ್ಚಿ ತಿರುಗಿಸು, ಅಂದೆ.
ಗೋಡೆಗೆ ಮುಖ ಮಾಡಿ ಕೂತಳು,
ಸೆರಗಿನ ತುದಿ ಬೆರಳಿಗೆ ಸುತ್ತಿ ಕೇಳಿದಳು.
‘ಈಗಲೂ
ಎಡಗಡೇದೇ.’

ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ
ಅವಳ ಪಕ್ಕದ ಮೆಷೀನು ಯಾವ ಕಡೆ ಇತ್ತು,
ನಾನು ಕೇಳಿರಲಿಲ್ಲ.
ಹೌದು, ನಂದೇ ತಪ್ಪು, ಜೋಡಿ ಸರಿ ಕೂತಿಲ್ಲ ಅಂದೆ.
ಬ್ಯಾಲೆನ್ಸ್ ಗುಂಡಿಯನ್ನು ಎಡಕ್ಕೆ ಒಂದು ಕೂದಲೆಳೆ ತಿರುಗಿಸಿ,
ಅಲ್ಲಿ ಸುಣ್ಣದಿಂದ ಒಂದು ಚುಕ್ಕಿ ಇಟ್ಟೆ.

ಉಳಿದ ತೊಂಬತ್ತಾರನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದೆ.
ಒಂದನ್ನು ತೆಗೆದು ಬಾಗಿಲ ಗಂಟೆಗೆ ಬಲ್ಬು ಕಟ್ಟಿದೆ,
ಒತ್ತಿದರೆ ಒಲೆಯ ಮೇಲೆ ಕೆಂಪಗೆ ಹತ್ತುತ್ತದೆ.
ಆ ಕೆಲಸಕ್ಕೆ ಜೋಡಿ ಬೇಡ.

ಭಾನುವಾರ ತಟ್ಟೆ ಎರಡು ಸಲ ತೊಳೆದಳು.
ಆದರೂ ಮೂರನೇ ಅಂತಸ್ತಿನ ಇಡ್ಲಿಯಿಂದ
ಒಂದು ಬೆಳ್ಳಿ ಕಾಲು ಹೊರಗೆ ಚಾಚಿತ್ತು.
ಚಿಮುಟದಲ್ಲಿ ಎತ್ತಿ ನನ್ನ ಬಲಗಿವಿಯ ಹತ್ತಿರ ಬಂದು,
‘ಇದು ಎಷ್ಟು?’ ಅಂದಳು.
ಇನ್ನೂ ಹಬೆಯಾಡುತ್ತಿತ್ತು.
ಈಗ ಕೇಳಿದರೆ ಸುಳ್ಳು ಹೇಳುತ್ತೆ,
ಆರಲಿ, ಅಂದೆ.