ಗುಲಗಂಜಿ ತೂಕ

ರುದ್ರಾಚಾರ್ ಅದನ್ನು ಆಟೋದಲ್ಲಿ ತಂದರು,
ಗಾಂಧಿ ಬಜಾರಿನಿಂದ ದುರ್ಗಿಗುಡಿಗೆ,
ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು.
ಯಾವುದೋ ನರ್ಸಿಂಗ್ ಹೋಮ್ ಬಿಸಾಕಿದ ಕಂಪ್ಯೂಟರ್.
ತಕ್ಕಡಿ ರಿಪೇರಿಯ ಆಚಾರ್ರ ಬೇಡಿಕೆ ಒಂದೇ:
"ಯಾರ ತಕ್ಕಡಿಗೆ ಯಾವಾಗ ಮುದ್ರೆ ಹಾಕಿಸಬೇಕು,
ಅಷ್ಟು ಕಂಡರೆ ಸಾಕು. ಸಿನಿಮಾ ಬೇಡ, ಹಾಡು ಬೇಡ."

ಬಿಚ್ಚಿದೆ. ಒಂದು ಸತ್ತ ಜಿರಲೆ,
ಹತ್ತಿ ಹಾಸಿದಂತೆ ಧೂಳು,
ಐನೂರ ಹನ್ನೆರಡು ಎಂಬಿಯ ಒಂದೇ ಒಂದು ಪಟ್ಟಿ.
ಅದರ ಹೊಂಬಣ್ಣದ ಹಲ್ಲುಗಳನ್ನು
ಸ್ಕೂಲಿನ ರಬ್ಬರಿನಿಂದ ಉಜ್ಜಿದೆ.
"ಬಂಗಾರವಾ?" ಅಂದರು ಬಗ್ಗಿ ನೋಡಿ.
ಬರೀ ಲೇಪ, ಅಂದೆ.
ಅವರಿಗೆ ಗೊತ್ತಿತ್ತು. ಸುಮ್ಮನೆ ಕೇಳಿದ್ದು.

ಒಳಗಿದ್ದ ವಿಂಡೋಸ್ ಏಳುವಷ್ಟರಲ್ಲಿ
ಟೀ ಬಂದು, ಆರಿ, ಕೆನೆ ಕಟ್ಟಿತ್ತು.
"ಎದ್ದಿತಾ?"
ಎದ್ದಿದೆ, ಕಣ್ಣು ಬಿಟ್ಟಿಲ್ಲ.
"ಹಾಗಾದರೆ ಹಗುರದ್ದು ಹಾಕು. ಯಾವುದು ಎಷ್ಟು ತೂಗುತ್ತೆ, ಹೇಳು."

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.
ಲುಬುಂಟು ಹಗುರವಾಗಿತ್ತು ಒಂದು ಕಾಲಕ್ಕೆ,
ಈಗ ಮೂವತ್ತೆರಡು ಬಿಟ್ಟಿನ ಮನೆಗೆ ಕಾಲಿಡುವುದಿಲ್ಲ.
ಬೋಧಿ ಅಂದೆ. ಆಚಾರ್ರು ನಕ್ಕರು:
"ಅದರ ಕೆಳಗೆ ಕೂತವರು ಏಳುವುದು ತಡ."
ಪಪ್ಪಿ ಪೆನ್‌ಡ್ರೈವಿನಿಂದಲೇ ಓಡಿಬಂದು ಬಾಲ ಆಡಿಸಿತು,
ಆದರೆ ಕನ್ನಡ ಇರಬೇಕಾದಲ್ಲಿ
ಚೌಕ, ಚೌಕ, ಚೌಕ, ಖಾಲಿ ಪೆಟ್ಟಿಗೆಗಳ ಸಾಲು.
ಟೈನಿ ಕೋರ್ ಇಪ್ಪತ್ತು ಚಿಲ್ಲರೆ ಎಂಬಿ;
ಅಷ್ಟು ಹಗುರವಾದರೆ ಉಳಿದದ್ದೆಲ್ಲ ನಾವೇ ಹೊರಬೇಕು.
"ಬರೀ ದಂಡಿ. ತಟ್ಟೆಯಿಲ್ಲ."
ಹೌದು, ಅದೇ.

ಕೊನೆಗೆ ಆಂಟಿಎಕ್ಸ್.
ನೂರೈವತ್ತು ಎಂಬಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು
ಮಿಕ್ಕ ಜಾಗವನ್ನು ಬಂದವರಿಗೆ ಬಿಟ್ಟಿತು.
ಪೆನ್‌ಡ್ರೈವಿನಿಂದ ಫಾಂಟು ಸುರಿದೆ. ಇಲ್ಲೂ ಇದ್ದ ಚೌಕಗಳು ಒಡೆದು
ತಲೆಕಟ್ಟು ಬಂತು, ಕೊಂಬು ಬಂತು,
ರುದ್ರಾಚಾರ್ ಎಂಬಲ್ಲಿ ದಕಾರದ ಕೆಳಗೆ
ರಕಾರದ ಒತ್ತು ಬಂದು ನೆಟ್ಟಗೆ ಕೂತಿತು.

ಅವರ ನೋಟ್‌ಬುಕ್ ನೋಡಿ ಟೈಪಿಸಿದೆ. ನಲವತ್ತೊಂದು ಅಂಗಡಿ:
ಮೀನು ಮಾರ್ಕೆಟ್ಟಿನ ಫ್ಲೋರಿನ್,
ಲಷ್ಕರ್ ಮೊಹಲ್ಲಾದ ಬೆಲ್ಲದ ಮಂಡಿ,
ಹಳೇ ಪೇಪರಿನ ಸುಬಾನಿ.
ಒಬ್ಬರದೂ ಅವಧಿ ಮುಗಿದಿಲ್ಲ, ಅಂದಿತು ಯಂತ್ರ.
ಎಲ್ಲರಿಗೂ ಇನ್ನೂ ಬೇಕಾದಷ್ಟು ವರ್ಷ ಇದೆ.
ಆಚಾರ್ರು ಕನ್ನಡಕ ಏರಿಸಿದರು:
"ಊರು ಇಷ್ಟು ನೆಟ್ಟಗಾದದ್ದು ಯಾವಾಗ?"

ಮೂಲೆಯ ಗಡಿಯಾರದಲ್ಲಿ
ಎರಡು ಸಾವಿರದ ಎರಡು, ಜನವರಿ ಒಂದು.
ಬೋರ್ಡಿನ ಬಟನ್ ಸೆಲ್ ಸತ್ತು ಎಷ್ಟು ಕಾಲವೋ.
ಕರೆಂಟು ಹೋದಾಗಲೆಲ್ಲ ಇದು ಮರಳಿ ಹೋಗುತ್ತಿತ್ತು
ಯಾರೂ ಇನ್ನೂ ಕಳ್ಳತೂಕ ಹಾಕದ ಒಂದು ಬೆಳಿಗ್ಗೆಗೆ.
ನಾನು ಡಬ್ಬಿಯೆಲ್ಲ ತಡಕುವಾಗ
ಆಚಾರ್ರು ಜೇಬಿನಿಂದ ಒಂದು ಸೆಲ್ ತೆಗೆದುಕೊಟ್ಟರು.
ಚಿನ್ನದಂಗಡಿಯ ಪುಟ್ಟ ತಕ್ಕಡಿಗಳಿಗೂ ಅದೇ ಬೇಕಂತೆ.

ತಾರೀಖು ತಿದ್ದಿದೆ.
ಹದಿನೇಳು ಹೆಸರು ಕೆಂಪಾದವು.
ಒಂದು ಅವರದೇ ಅಂಗಡಿ.
ಇಬ್ಬರೂ ಏನೂ ಅನ್ನಲಿಲ್ಲ.

ಹೊರಡುವ ಮುಂಚೆ ನನ್ನ ಪೆನ್‌ಡ್ರೈವನ್ನು
ಜೇಬಿನ ತಕ್ಕಡಿಯ ಮೇಲಿಟ್ಟರು. ಒಂಬತ್ತು ಗ್ರಾಂ.
"ಇಷ್ಟೂ ಲಿನಕ್ಸ್ ಇದರೊಳಗಾ?"
ಹೌದು.
"ಖಾಲಿ ಇದ್ದಾಗ?"
ಇಷ್ಟೇ.
ಅಂಕಿ ಕದಲೀತೇನೋ ಎಂದು ಇನ್ನೂ ಒಂದು ಗಳಿಗೆ ಕಾದರು.
ಒಂದು ಗುಲಗಂಜಿಯಾದರೂ ಹೆಚ್ಚಿರಬೇಕಿತ್ತು, ಅನ್ನುತ್ತ
ಸೀರೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದರು.