ಛಾಟ

ದೀಪಾವಳಿ ನಾಲ್ಕು ದಿನ ಇರುವಾಗ
ಲತೀಫ್ ಚಾಚಾನ ಭಟ್ಟಿಗೆ ಬೀಗ.
ಹೊಗೆಗೂಡು ಬಿರಿದಿದೆಯಂತೆ.
ಪ್ರತಿ ವರ್ಷ ಮೈದಾ, ಡಾಲ್ಡಾ, ಪಿಠಿಸಕ್ಕರೆ ಹೊತ್ತು
ಸೋಲಾಪುರದ ನಮ್ಮ ಓಣಿಯ ಅರ್ಧ ಅಲ್ಲೇ ಇರುತ್ತಿತ್ತು;
ತಗಡಿನ ತಟ್ಟೆಗೆ ಸೀಮೆಸುಣ್ಣದಲ್ಲಿ ಹೆಸರು,
ರಾತ್ರಿ ಎರಡಕ್ಕೆ ನಮ್ಮ ಪಾಳಿ,
ನಿದ್ದೆಗಣ್ಣಲ್ಲಿ ಬಿಸಿ ನಾನಖಟಾಯಿ.

ಸುಗಲಾ ಅತ್ತಿ ಅಂದಳು:
"ಭಟ್ಟಿ ಇಲ್ಲಂದ್ರ ಕುಕ್ಕರ್ ಸತ್ತೈತೇನ?"

ರಬ್ಬರ್ ತೆಗೆದಳು, ಸೀಟಿ ತೆಗೆದಳು,
ತಳಕ್ಕೆ ಎರಡು ಬೊಗಸೆ ಹರಳುಪ್ಪು,
ಉಪ್ಪಿನ ಮೇಲೆ ಬೋರಲು ಬಟ್ಟಲು, ಅದರ ಮೇಲೆ ತಾಟು.
ಕೂಗಲು ಬಾಯಿಲ್ಲದ ಕುಕ್ಕರ್
ಸಣ್ಣ ಉರಿಯ ಮೇಲೆ ಕೂತು
ಕಾಯತೊಡಗಿತು.

ನಮಗೋ ಆಕಾರ ಬೇಕು.
ಶಾಲೆಯೆದುರಿನ ಬೇಕರಿಯ ಗಾಜಿನೊಳಗೆ ಕಂಡ
ನಕ್ಷತ್ರ, ಮೀನು, ಬಾಲ ಎತ್ತಿದ ಕುದುರೆ.
ಮನೆಯಲ್ಲಿದ್ದ ಅಚ್ಚು ಒಂದೇ:
ಬೀಡಿ ಎಲೆ ಕತ್ತರಿಸುವ ತಗಡು,
ಕಿರುಬೆರಳುದ್ದ, ಎರಡು ಬೆರಳಗಲ,
ಅಂಚು ಸವೆದು ಕನ್ನಡಿಯಾದದ್ದು.

ಹುಣಸೆ ಹಚ್ಚಿ ತಿಕ್ಕಿದಳು, ಬೂದಿ ಹಚ್ಚಿ, ಮತ್ತೆ ಹುಣಸೆ.
ತಾನು ಮೂಸಿ ನಂಬದೆ
ಪಕ್ಕದ ಮನೆಯ ನರಸವ್ವನ ಮೂಗಿಗೆ ಹಿಡಿದಳು.
ನರಸವ್ವ ತೆಲುಗಿನಲ್ಲಿ ಸೀನಿ,
"ಹೋಗೇತಿ ಬಿಡ" ಎಂದು
ಕನ್ನಡದಲ್ಲಿ ಸುಳ್ಳು ಹೇಳಿದಳು.

ಲಟ್ಟಿಸಿದ ಹಿಟ್ಟಿನ ಮೇಲೆ ತಗಡಿಟ್ಟು ಸುತ್ತ ಚಾಕು ಎಳೆದರೆ
ಎದ್ದು ಬಂತು ನರವಿಲ್ಲದ ಬಿಳಿ ಎಲೆ.
ನರಗಳನ್ನು ನಾವು ಗೀರಿದೆವು, ಹೊಸ ಹಣಿಗೆಯ ಹಲ್ಲಿನಿಂದ.
ಬಳೆಚೂರಿನಿಂದ ಚಂದ್ರ, ಪೆನ್ನಿನ ಟೊಪ್ಪಿಗೆಯಿಂದ ಕಣ್ಣು,
ಬೀಟ್‌ರೂಟ್ ರಸಕ್ಕೆ ಕೆಂಪೇರಿದ ಸಕ್ಕರೆ ಎಲ್ಲೆಂದರಲ್ಲಿ.
ನಾಗೂ ಒಂದಕ್ಕೊಂದು ಚಾರೋಳಿ ಎಣಿಸಿಟ್ಟ,
ತನ್ನದಕ್ಕೆ ಮೂರು.

ಅತ್ತಿ ಮೂಲೆಗಳನ್ನು ಮಾತ್ರ ಯಾರಿಗೂ ಬಿಡಲಿಲ್ಲ.
ಬೀಡಿಯ ಬಾಯಿ ಮುಚ್ಚುವ ಕಬ್ಬಿಣದ ಉಗುರನ್ನು
ತೋರುಬೆರಳಿಗೇರಿಸಿ ಒಂದೊಂದೇ ಮೂಲೆ
ಒಳಗೆ ಮಡಚಿದಳು, ನೋಡದೆಯೇ,
ಕಣ್ಣು ಬಾಗಿಲ ಕಡೆ, ಮಾತು ನರಸವ್ವನ ಕಡೆ.
ನಾಲ್ಕು ಮಡಿಕೆಗೆ ಹಿಟ್ಟು ಹೂವಾಯಿತು.
ಯಾವ ಹೂವು, ಕೇಳಿದೆ.
"ದಿನಾ ಸಾವಿರ ಮುಚ್ಚತೀನಿ. ಹೆಸರು ಯಾರಿಗ್ಗೊತ್ತು."

ಮೊದಲ ತಾಟು ತಳ ಹತ್ತಿತು.
ಎರಡನೆಯದು ಬೆಳ್ಳಗೆ, ಜ್ವರದಿಂದ ಎದ್ದವರ ಹಾಗೆ.
ಮೂರನೆಯದಕ್ಕೆ ಓಣಿಯ ನಾಯಿ ಬಂದು
ಹೊಸ್ತಿಲಲ್ಲಿ ಕೂತಿತು.

ಆರಿದ ಮೇಲೆ ಎಣಿಸಿದಳು. ಇಪ್ಪತ್ತೈದಕ್ಕೆ ನಿಂತು
ಕೈ ತಾನಾಗಿ ದಾರದ ಉಂಡೆಗೆ ಹೋಯಿತು.
ನಾವು ನಕ್ಕೆವು. ಅವಳೂ, ತುಸು ತಡವಾಗಿ.

ಆಗ ನಾಗೂ ಚೆಕ್ಕರ್ ಆದ.
ಕಿವಿಗೆ ಪೆನ್ನು ಸಿಕ್ಕಿಸಿ, ಕಾಲ ಮೇಲೆ ಕಾಲು,
ಒಂದೊಂದನ್ನೇ ಬೆಳಕಿಗೆ ಹಿಡಿದು:
"ಇದು ಸೊಟ್ಟ. ಛಾಟ."
"ಇದರ ಚಾರೋಳಿ ಸರದೈತಿ. ಛಾಟ."
ಛಾಟ ಆದದ್ದೆಲ್ಲ ನೇರ ಅವನ ಬಾಯಿಗೆ.

ದಿನಾ ಸಂಜೆ ಅತ್ತಿ ಹೊತ್ತೊಯ್ಯುವ ಸಾವಿರದಲ್ಲಿ
ಐವತ್ತೋ ನೂರೋ ಹೀಗೇ ಬದಿಗೆ ಬೀಳುತ್ತವೆ,
ಮುರಿದು, ಕೂಲಿಯಿಲ್ಲದೆ.

ಅವಳು ಸೆರಗು ಹೊದ್ದು ನಾಗೂನ ಮುಂದೆ ನಿಂತಳು,
ಕಾರಖಾನೆಯಲ್ಲಿ ನಿಲ್ಲುವ ಹಾಗೆಯೇ, ಕೈಕಟ್ಟಿ.
"ಸಾಹೇಬ್ರ, ಎಲಿನ ಹಸಿ ಇತ್ರಿ."
ನಾಗೂ ನೆಲಕ್ಕುರುಳಿ ನಕ್ಕ.
ನನಗೆ ಬಾಯೊಳಗಿನ ಚೂರು ನುಂಗಲು
ಹೊತ್ತು ಹಿಡಿಯಿತು.

ಪಾಡ್ಯದ ಮರುದಿನ ತಗಡು ಮತ್ತೆ ಎಲೆಯ ಮೇಲೆ.
ಸಂಜೆ ಬಂದವಳು ಚೀಟಿ ಚಾಚಿದಳು, ಓದು ಅಂತ.
ಎರಡು ಕಟ್ಟು ಛಾಟ.
ಕಾರಣದ ಕಡೆ ಮರಾಠಿಯಲ್ಲಿ ಗೀಚಿತ್ತು:
ಏಲಕ್ಕಿ ವಾಸನೆ.

ಎರಡು ಸಲ ಓದಿಸಿದಳು.
ಆಮೇಲೆ ಚೀಟಿಯನ್ನು ಮಡಚಿದಳು,
ನಾಲ್ಕೂ ಮೂಲೆ ಒಳಗೆ.