ಹಳೇ ರಿಂಗು

ಮಧ್ಯಾಹ್ನ ಜನರೇಟರಿನ ಫಿಲ್ಟರು ನಾನೇ ಬದಲಿಸಿದೆ.
ಇಲಾಹಿ ಮೇಸ್ತ್ರಿಗೆ ಕೊಡೋ ಆರುನೂರು ಉಳಿಯಿತಲ್ಲ ಅಂತ
ಒಂದು ಟೀ ಹೆಚ್ಚಿಗೆ ಕುಡಿದೆ ಕೂಡ.
ತಳದ ಟ್ಯಾಂಕಿನ ಕೆಸರು ಬಳಿದೆ, ಪೈಪು ಊದಿದೆ,
ಬಾಯಿಗೆ ಬಂದ ಡೀಸೆಲ್ಲು ಮೂರು ಸಲ ಉಗಿದೆ,
ಹೊಸ ರಿಂಗು ಕೂರಿಸಿ ಬಟ್ಟಲು ಬಿಗಿದೆ.
ಬಿಗಿ ಅಂದರೆ ಬಿಗಿ.

ಏಳೂಕಾಲಿಗೆ ಕರೆಂಟು ಹೋಯಿತು.

ಶಿಡ್ಲಘಟ್ಟದಲ್ಲಿ ಕತ್ತಲು ತುಂಬ ಹೊತ್ತು ಇರುವುದಿಲ್ಲ.
ದಿಬ್ಬೂರಹಳ್ಳಿ ರಸ್ತೆಯುದ್ದಕ್ಕೂ ಒಂದೊಂದೇ ಶೆಡ್ಡು
ಕೆಮ್ಮಿ, ಗುಡುಗಿ, ಬೆಳಕಾಯಿತು.
ನಮ್ಮದು ಮಾತ್ರ
ಗುರ್ ಗುರ್ ಗುರ್ ಅಂದು
ಆಮೇಲೆ ಗುರ್ ಅಂದು
ಸುಮ್ಮನಾಯಿತು.

ಬೇಸಿನ್ನಿನಲ್ಲಿ ಗೂಡು ಬೇಯುತ್ತಲೇ ಇದೆ.
ನಿಂತ ರಾಟೆಯಿಂದ ಬಿಸಿನೀರಿನ ತನಕ
ನೂರಾರು ಎಳೆ ಹಾಗೇ ಬಿಗಿದುಕೊಂಡು, ಟಾರ್ಚಿಗೆ ಮಿನುಗುತ್ತ,
ಯಾರಾದರೂ ಮಾತಾಡಲಿ ಅಂತ ಕಾಯುವ ಹಾಗೆ.
ಇನ್ನರ್ಧ ಗಂಟೆ, ಅಷ್ಟೇ. ಆಮೇಲೆ ಅದು ರೇಷ್ಮೆಯಲ್ಲ, ಗಂಜಿ.

ಮೇಸ್ತ್ರಿ ಚೇಳೂರಿನ ಮದುವೆಯಲ್ಲಿ. ಫೋನಿನ ಹಿಂದೆ ತಟ್ಟೆಗಳ ಸದ್ದು.
'ಹೊಗೆ ಬರ್ತದಾ?'
ಇಲ್ಲ.
'ಬಿಳೀದಾದ್ರೂ?'
ಏನೂ ಇಲ್ಲ.
'ಹಂಗಾದ್ರೆ ಹೊಟ್ಟೆಗೆ ಅನ್ನ ಹೋಗ್ತಿಲ್ಲ ಅದಕ್ಕೆ, ಬರೀ ಗಾಳಿ.
ಸೆಲ್ಫ್ ಹೊಡೀಬ್ಯಾಡ ಬಚ್ಚಪ್ಪಾ, ಬ್ಯಾಟ್ರಿ ಸಾಯ್ತದೆ.
ಏರ್ ತೆಗಿ. ಯಾರು ಹಾಕಿದ್ದು ಫಿಲ್ಟ್ರು?'
ಕೇಳಿಸಲಿಲ್ಲ ಅಂದೆ.

ಪಂಪಿನ ತಲೆಯ ಸ್ಕ್ರೂ ಎರಡು ಸುತ್ತು ಸಡಿಲಿಸಿ
ಹೆಬ್ಬೆರಳು ನೋಯುವ ತನಕ ಕೈಪಂಪು ಒತ್ತಿದೆ.
ನೊರೆ. ಮತ್ತೆ ನೊರೆ.
ನೊರೆ ತೆಳುವಾಯಿತು. ಸ್ಕ್ರೂ ಬಿಗಿದು ಕೀಲಿ ತಿರುಗಿಸಿದರೆ
ನಾಲ್ಕು ಸಲ ಧಡ್ ಅಂದಿತು. ಐದನೆಯದು ಬರಲಿಲ್ಲ.
ಹೀಗೆ ಮೂರು ಬಾರಿ. ಎಲ್ಲಿಂದ ಬರ್ತದೆ ಇಷ್ಟು ಗಾಳಿ?

ಶಂಷಾದ್ ಬೇಸಿನ್ನು ಬಿಟ್ಟು ಬಂದಳು,
ಸೆರಗಿಗೆ ಕೈ ಒರೆಸುತ್ತ. 'ಸೋರ್ತಿದೆಯಾ?'
ಒಂದು ಹನಿಯೂ ಇಲ್ಲ, ನೋಡು, ಪೇಪರಿಟ್ಟಿದೀನಿ, ಒಣಾ.
ನನ್ನ ದನಿಯಲ್ಲಿ ಹೆಮ್ಮೆ ಬೇರೆ.

'ಎಳೆ ಅದೇ ಜಾಗದಲ್ಲಿ ಪದೇ ಪದೇ ಕಡಿದ್ರೆ
ನಾನು ಗೂಡಿಗೆ ಬಯ್ಯಲ್ಲ,' ಅಂದಳು.
'ಎಳೆ ತೂರೋ ಕಣ್ಣು ನೋಡ್ತೀನಿ.'

ಇಪ್ಪತ್ತು ವರ್ಷ ಕುದಿನೀರಲ್ಲಿ ನೆಂದು
ಬೆಳ್ಳಗೆ ಸುಕ್ಕಾದ ಬೆರಳು ಅದು.
ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಅವಳನ್ನು ಒಪ್ಪುವುದಿಲ್ಲ.
ಕಣ್ಣಿಗೆ ಕಾಣದ ಎಳೆಯ ತುದಿ ಮಾತ್ರ
ಹುಡುಕಿಕೊಂಡು ಬಂದು ಆ ಬೆರಳಿಗೇ ಅಂಟುತ್ತದೆ.
ಟಾರ್ಚು ನನ್ನ ಕೈಗೆ ಕೊಟ್ಟು
ಫಿಲ್ಟರಿನ ಕುತ್ತಿಗೆಯ ಸುತ್ತ ಬೆರಳಾಡಿಸಿದಳು, ನಿಧಾನವಾಗಿ,
ಒಂದು ಕಡೆ ನಿಂತಳು.

'ಇಲ್ಲಿ ಎರಡು ತುಟಿ ಐತಲ್ಲಣ್ಣ.'

ಬಿಚ್ಚಿದೆ.
ಹಳೇ ರಿಂಗು ತಲೆಗೇ ಅಂಟಿಕೊಂಡು ಕೂತಿತ್ತು,
ಕಬ್ಬಿಣವೇ ತಾನು ಅನ್ನುವಷ್ಟು ಕಪ್ಪಗೆ.
ಅದರ ಮೇಲೆ ನನ್ನ ಹೊಸದು.
ಎರಡರ ನಡುವೆ ಕೂದಲೆಳೆಯ ಸಂದು:
ಹೊರಗೆ ತೊಟ್ಟು ಬಿಡದೆ
ಒಳಗೊಳಗೇ ಉಸಿರೆಳೆದುಕೊಳ್ಳುವ ಸಂದು.
ಅದಕ್ಕೇ ಒಣ. ಅದಕ್ಕೇ ನನಗೆ ಹೆಮ್ಮೆ.

ಕೆರೆದು ತೆಗೆದೆ. ಕೂರಿಸಿದೆ. ಒತ್ತಿದೆ.
ಈ ಸಲ ಸ್ಕ್ರೂವಿನಿಂದ ಬಂದದ್ದು ನೊರೆಯಲ್ಲ,
ಗುಳ್ಳೆಯಿಲ್ಲದ ಧಾರೆ, ಸಣ್ಣಗೆ, ಕಡಿಯದೆ.
ಶಂಷಾದ್ ನೋಡಿ 'ಹಾಂ' ಅಂದಳು, ಒಳ್ಳೇ ಗೂಡು ಕಂಡಾಗ ಅನ್ನುವ ಹಾಗೆ.
ನಾಝಲ್ ಪೈಪಿನ ನಟ್ಟು ಸಡಿಲಿಸಿ ಒಂದು ಸುತ್ತು:
ಚಿಟ್, ಚಿಟ್, ಅಂಗಿಗೆ, ಮೀಸೆಗೆ.
ಬಿಗಿದು, ಬ್ಯಾಟರಿಯಲ್ಲಿ ಉಳಿದದ್ದನ್ನೆಲ್ಲ ಕೊಟ್ಟು
ಒಂದೇ ಸಲ.

ಬಿಳಿ ಹೊಗೆ. ಧಡ್. ಧಡ್ ಧಡ್.
ಐದನೆಯದು ಬಂತು. ಆರನೆಯದು. ಲೆಕ್ಕ ಬಿಟ್ಟೆ.
ರಾಟೆ ತಿರುಗಿತು, ಎಳೆಗಳು ನಡುಗಿ ಹೊರಟವು,
ಅವಳು ಆಗಲೇ ಬೇಸಿನ್ನಿನ ಮುಂದೆ ಕೂತಾಗಿತ್ತು.

ಎರಡು ನಿಮಿಷಕ್ಕೆ ಎದುರು ಬೀದಿಯ ದೀಪ ಹತ್ತಿತು,
ಕರೆಂಟು ಬಂತು ಅಂತ ಹುಡುಗರು ಕೂಗಿದರು.
ಅಕ್ಕಪಕ್ಕದ ಶೆಡ್ಡುಗಳು ಒಂದೊಂದೇ ತಣ್ಣಗಾದವು.
ನಾನು ಆರಿಸಲಿಲ್ಲ.
ಡೀಸೆಲ್ಲು ಸುಟ್ಟರೆ ಸುಡಲಿ,
ಇನ್ನೊಂದು ಸ್ವಲ್ಪ ಹೊತ್ತು ಓಡಲಿ.